ಅಡ್ಡ ಸೀಟಿನಿಂದ ನೋಡಿದ ಕಾಲೇಜುಗಳು

ಮೊನ್ನೆ ನಮ್ಮ ಶಾಲೆಯ ಹೆಡ್‌ಮಾಸ್ತರ ಮಗನ ಮದುವೆಗೆ ಎಲ್ಲರೂ ಒಂದೇ ಗಾಡಿಯಲ್ಲಿ ಹೊರಟಾಗ ನನಗೆ ಮತ್ತೆ ಹಿಂದಿನ ಅಡ್ಡ ಸೀಟೇ ಗತಿಯಾಯಿತು. ಅಡ್ಡ ಸೀಟು ಅಂದರೆ ನಿಮಗೆ ಗೊತ್ತಲ್ಲ, ಹಳೆಯ ಸುಮೋಗಳಲ್ಲಿ ಡಿಕ್ಕಿಯ ಜಾಗದಲ್ಲಿ ಎದುರುಬದುರಾಗಿ ಇರುವ ಎರಡು ಪುಟ್ಟ ಬೆಂಚುಗಳು. ಅಲ್ಲಿ ಕೂತವರಿಗೆ ಊರು ಎದುರಿನಿಂದ ಬರುವುದಿಲ್ಲ. ದಾಟಿಹೋದ ಮೇಲೆ ಹಿಂದಿನ ಗಾಜಿನಲ್ಲಿ ಕಾಣುತ್ತದೆ. "ಮೇಡಂ, ಹೇಗೂ ನೀವು ಒಬ್ರೇ ಅಲ್ವಾ, ಹಿಂದೆ ಅಡ್ಜಸ್ಟ್ ಮಾಡ್ಕೊಳ್ತೀರಾ?" ಎಂದು ಬಹಳ ಮರ್ಯಾದೆಯಿಂದಲೇ ಕೇಳುತ್ತಾರೆ. ಗಂಡ ಮಕ್ಕಳಿಲ್ಲದವರಿಗೆ ಮೊಣಕಾಲು ನೋವೂ ಇರುವುದಿಲ್ಲ ಎಂದು ಜನ ಅದು ಹೇಗೋ ನಂಬಿಬಿಟ್ಟಿದ್ದಾರೆ. ನಾನೂ ಸೆರಗು ಸುತ್ತಿಕೊಂಡು, ತಲೆ ತಗ್ಗಿಸಿ, ಹಿಂಬಾಗಿಲಿನಿಂದ ಹತ್ತಿ ಕೂರುತ್ತೇನೆ. ಕೂತ ಮೇಲೆ ಹಳೆಯದೆಲ್ಲ ನೆನಪಾಗುತ್ತದೆ. ಮುಂದಿನದು ಕಾಣದಿದ್ದಾಗ ಮನುಷ್ಯರು ಇನ್ನೇನು ಮಾಡಿಯಾರು?

ಇಂಥದೇ ಸೀಟಿನಲ್ಲಿ ಕೂತು ನಾನು ಒಮ್ಮೆ ಒಂದೇ ದಿನ ಮೂರು ಕಾಲೇಜು ನೋಡಿ ಬಂದೆ. ಮೈಸೂರು ರಸ್ತೆಯನ್ನು ಅಗಲ ಮಾಡಿ ಮುಗಿಸಿದ್ದ ಕಾಲ ಅದು. ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದಿದ್ದವು. ನಿನ್ನೆ ರಾಗಿ ಇದ್ದ ಹೊಲದಲ್ಲಿ ಇವತ್ತು ಬಣ್ಣದ ಕಮಾನು, ಕಮಾನಿನ ಮೇಲೆ ಯಾವುದೋ ಕಾಲೇಜಿನ ಹೆಸರು. ನಮ್ಮ ಸವಿತ ಆಗಷ್ಟೇ ಪಿಯುಸಿ ಪಾಸಾಗಿದ್ದಳು. ನರ್ಸಿಂಗ್ ಓದುತ್ತೇನೆ ಎಂದಿದ್ದಳು. ಎಲ್ಲಿ ಓದುವುದು ಎನ್ನುವುದು ಮಾತ್ರ ಉಳಿದಿತ್ತು.

ಸವಿತ ನನ್ನ ಅಣ್ಣನ ಮಗಳು. ಅಣ್ಣ ಶಿವಲಿಂಗ ವಿರೂಪಾಕ್ಷಿಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವವನು. ನಾನು ಚನ್ನಪಟ್ಟಣದಲ್ಲಿ ಹೈಸ್ಕೂಲು ಟೀಚರು. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಮುಗಿಸಿದ ಹುಡುಗಿಯನ್ನು ಅಣ್ಣ ಒಂದು ಟ್ರಂಕಿನ ಜೊತೆ ನನ್ನ ಮನೆಗೆ ತಂದು ಬಿಟ್ಟ. "ಟೌನಲ್ಲಿ ಒಸಿ ಚೆಂದಾಗಿ ಓದ್ಕಳ್ಲಿ ಕಣವ್ವ. ನಿಂಗೂ ಒಂದು ಜೊತೆ ಆಯ್ತದೆ," ಅಂದ. ಜೊತೆ ಆಯಿತು. ಎಷ್ಟು ಆಯಿತೆಂದರೆ, ಅವಳು ಬರುವುದಕ್ಕೆ ಮುಂಚೆ ಸಂಜೆಗಳನ್ನು ಏನು ಮಾಡುತ್ತಿದ್ದೆ ಎಂಬುದೇ ನನಗೆ ಮರೆತುಹೋಯಿತು.

ನನ್ನ ಮನೆ ಇರುವುದು ಬೊಂಬೆ ಮಾಡುವವರ ಓಣಿಯಲ್ಲಿ. ಹಗಲೆಲ್ಲ ಮರ ಕಡೆಯುವ ಲೇತುಗಳು ಗಿರ್ರೆಂದು ತಿರುಗುತ್ತಿರುತ್ತವೆ, ಅರಗಿನ ಬಿಸಿ ವಾಸನೆ ಕಿಟಕಿಯಲ್ಲಿ ಬರುತ್ತದೆ. ಸಂಜೆ ಲೇತು ನಿಂತಿತೆಂದರೆ ಓಣಿಗೆ ಓಣಿಯೇ ತಣ್ಣಗಾಗುತ್ತದೆ. ಆಗ ಊಟದ ಮೇಜಿನ ಒಂದು ತುದಿಯಲ್ಲಿ ಸವಿತ ಓದುತ್ತಿದ್ದಳು, ಇನ್ನೊಂದು ತುದಿಯಲ್ಲಿ ನಾನು ಪೇಪರು ತಿದ್ದುತ್ತಿದ್ದೆ. ಗಂಟೆಗಟ್ಟಲೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಸುಖ ಅಂದರೆ ಇದೇ ಎಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ದಿನವಿಡೀ ಕೂಗಿ ಕೂಗಿ ಗಂಟಲು ಒಣಗಿದ ಟೀಚರಿಗೆ ಮಾತಿಲ್ಲದ ಜೊತೆಗಿಂತ ದೊಡ್ಡ ಭಾಗ್ಯ ಯಾವುದಿದೆ ಹೇಳಿ?

ಹೀಗಿರುವಾಗ ಅಣ್ಣ ಒಂದು ಬೆಳೆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ, ಮುಂದಿನ ಬೆಳೆಗೆ ಮರಿಹುಳ ತರುವ ಮುಂಚಿನ ಬಿಡುವು ನೋಡಿಕೊಂಡು, ಕಾಲೇಜು ನೋಡಲು ನಮ್ಮನ್ನೆಲ್ಲ ಹೊರಡಿಸಿದ. ನಾನು, "ಅರ್ಜಿ ಹಾಕಿದರೆ ಸಾಕಲ್ಲಣ್ಣ," ಅಂದೆ. "ಮನೆ ನೋಡ್ದೆ ಎಣ್ಣು ಕೊಡ್ತರಾ ಯಾರಾದ್ರೂ?" ಎಂದು ನನ್ನನ್ನೇ ಗದರಿದ. ಅತ್ತಿಗೆ ಜಯಮ್ಮನ ತಮ್ಮ ಪುಟ್ಟಸ್ವಾಮಿ ತನ್ನ ಸುಮೋ ತಂದ. ಅಣ್ಣ ಮುಂದೆ, ತಾಯಿ ಮಗಳು ನಡುವೆ, ನಾನು ನನ್ನ ಸ್ವಸ್ಥಾನದಲ್ಲಿ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ. ಅತ್ತಿಗೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ತೆಂಗಿನಕಾಯಿ ಇಟ್ಟುಕೊಂಡಿದ್ದಳು. ಅದನ್ನು ಯಾರಿಗೆ ಕೊಡುವುದು, ಪ್ರಿನ್ಸಿಪಾಲರಿಗೋ ಕಟ್ಟಡಕ್ಕೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುವುದು ನಮ್ಮ ಕಡೆ ದೊಡ್ಡ ಕಾರ್ಯ. ಹೊಲ ನೋಡಬೇಕು, ಬಾವಿ ನೋಡಬೇಕು, ಕೊಟ್ಟಿಗೆಯ ದನದ ಮೈ ನೋಡಬೇಕು. ಅದರಲ್ಲೂ ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡು. ಮನಸ್ಸಿಗೆ ಒಪ್ಪುವ ತನಕ ಆ ಮನೆಯ ನೀರು ಸಹ ಮುಟ್ಟುವಂತಿಲ್ಲ. ಸಿಹಿ ಬಾಯಿಗಿಟ್ಟರೋ, ಒಪ್ಪಿದ ಹಾಗೆ. ಆಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. ಇದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವೂ ಇಲ್ಲ. ನಾನು ಮೊಣಕಾಲೆತ್ತರ ಇದ್ದಾಗ ಅಪ್ಪನ ತಂಗಿ ನಿಂಗಮ್ಮತ್ತೆಗೆ ಗಂಡಿನ ಮನೆ ನೋಡಲು ಗಾಡಿ ಕಟ್ಟಿಕೊಂಡು ಹೋಗಿದ್ದರು. ದೊಡ್ಡವರೆಲ್ಲ ಬಾವಿಯ ಆಳ ನೋಡುತ್ತ ನಿಂತಿದ್ದಾಗ ಆ ಮನೆಯ ಅಜ್ಜಿ ನನ್ನ ಕೈಗೊಂದು ಕಜ್ಜಾಯ ಇಟ್ಟಳು. ಹಸಿದಿದ್ದೆ, ತಿಂದೆ. ಬಾವಿಯಿಂದ ತಿರುಗಿ ಬಂದ ಅಪ್ಪ ನನ್ನ ಬಾಯಿಯ ಸುತ್ತ ಅಂಟಿದ ಗಸಗಸೆ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಮದುವೆ ನಡೆದೇ ಹೋಯಿತು. ಆ ಮಾವ ಇವತ್ತಿಗೂ ನನ್ನನ್ನು ಕಂಡರೆ "ನಮ್ ಸಂಸಾರಕ್ಕೆಲ್ಲ ನೀನೇ ಕಾರಣ ಕಣವ್ವ" ಅನ್ನುತ್ತಾರೆ. ಹೊಗಳಿಕೆಯೋ ಬೈಗುಳವೋ, ಅತ್ತೆಯ ಮುಖ ನೋಡಿದರೂ ಗೊತ್ತಾಗುವುದಿಲ್ಲ. ಈ ಕತೆಯನ್ನು ಸವಿತಳಿಗೆ ಚಿಕ್ಕಂದಿನಲ್ಲಿ ಹೇಳಿ ನಗಿಸಿದ್ದೆ.

ಮೊದಲ ಕಾಲೇಜು ರಾಮನಗರ ದಾಟಿದ ಮೇಲೆ, ಹೆದ್ದಾರಿಯ ಮಗ್ಗುಲಲ್ಲೇ ಇತ್ತು. ಹಿಂದುಗಡೆ ಮಾವಿನ ತೋಪು, ತೋಪಿನಾಚೆ ರೈಲು ಹಳಿ, ಒಂದು ಪುಟ್ಟ ಸ್ಟೇಷನ್ನು. ನಾವು ಇಳಿಯುವಾಗಲೇ ಒಂದು ರೈಲು ಹೋಯಿತು. ಬೆಳಿಗ್ಗೆ ಚನ್ನಪಟ್ಟಣದಲ್ಲಿ ಹತ್ತಿದರೆ ಕ್ಲಾಸಿನ ಹೊತ್ತಿಗೆ ಇಲ್ಲಿ, ಸಂಜೆ ದೀಪ ಹಾಕುವ ಹೊತ್ತಿಗೆ ಮನೆಯಲ್ಲಿ. ಮೇಜಿನ ಆ ತುದಿ ಖಾಲಿಯಾಗುವುದಿಲ್ಲ. ಇನ್ನೆರಡು ಕಾಲೇಜು ಯಾಕೆ ನೋಡಬೇಕು, ಇದೇ ಆಗಲಿ, ಇದೇ ಆಗಲಿ ಎಂದು ನಾನು ಆ ಗಾಜಿನ ಕಟ್ಟಡದ ಮುಂದೆ ಗುಡಿಯ ಮುಂದೆ ನಿಂತವಳ ಹಾಗೆ ಬೇಡಿಕೊಂಡೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಫೀಸಿನವರು ನಮ್ಮನ್ನು ಸೋಫಾದಲ್ಲಿ ಕೂರಿಸಿ ಫೀಸು, ಲ್ಯಾಬು ಎಂದು ಶುರು ಮಾಡಿದರು. ಅಣ್ಣ ನಡುವೆಯೇ ಕೈಯೆತ್ತಿದ.

"ಅದಿರ್ಲಿ ಸಾರ್. ನೀರ್ ಎಂಗೈತೆ ಇಲ್ಲಿ? ಬೋರಾ, ಒಳೆ ನೀರಾ?"

ನಲ್ಲಿಯ ಹತ್ತಿರ ಹೋಗಿ ಬೆರಳಿಗೆ ನೀರು ಬಿಟ್ಟುಕೊಂಡು, ಉಜ್ಜಿ, ಮೂಸಿ ನೋಡಿದ. ಕುಡಿಯಲಿಲ್ಲ. ಅಷ್ಟರಲ್ಲಿ ಟೀ, ಬಿಸ್ಕತ್ತು ಬಂತು. ಅಣ್ಣ ಎರಡೂ ಕೈ ಜೋಡಿಸಿದ.

"ಬ್ಯಾಡಿ ಸಾರ್, ತಪ್ಪು ತಿಳ್ಕಬ್ಯಾಡಿ. ಇನ್ನೂ ಏನೂ ತೀರ್ಮಾನ ಆಗಿಲ್ಲ."

"ಟೀ ಕುಡಿಯೋಕೆ ಏನು ಸಾರ್ ತೀರ್ಮಾನ?"

"ಅಂಗಲ್ಲ, ಇನ್ನೂ ಎಲ್ಡು ಮನೆ ನೋಡೋದೈತೆ."

ಪಾಪ, ಆತ ಇವರು ಮನೆ ಕೊಳ್ಳಲು ತಿರುಗುತ್ತಿದ್ದಾರೆಂದು ತಿಳಿದು, "ನಮ್ಮವರದೇ ಲೇಔಟ್ ಇದೆ ಸಾರ್ ಪಕ್ಕದಲ್ಲಿ, ಸೈಟು ತೋರಿಸಲಾ?" ಎಂದ. ಸವಿತ ಸಲ್ವಾರಿನ ದುಪಟ್ಟ ಬಾಯಿಗೆ ಅಡ್ಡ ಹಿಡಿದಳು. ನಾನು ಆ ಟೀಯನ್ನೇ ನೋಡುತ್ತಿದ್ದೆ. ಒಂದು ಗುಟುಕು ಕುಡಿದುಬಿಡಲೇ? ಕಜ್ಜಾಯ ತಿಂದು ಒಂದು ಮದುವೆ ಮಾಡಿಸಿದವಳು ಟೀ ಕುಡಿದು ಒಂದು ಅಡ್ಮಿಷನ್ ಮಾಡಿಸಲಾರೆನೇ? ಕೈ ಮುಂದೆ ಹೋಗಲಿಲ್ಲ. ಟೀ ಮೇಲೆ ಕೆನೆ ಕಟ್ಟಿತು, ನಾವು ಎದ್ದೆವು.

ಅಲ್ಲಿಂದ ಮಾಗಡಿ. ಬಂಡೆಗಳ ನಡುವೆ ಸುತ್ತುವ ದಾರಿ, ಹಿಂದಿನ ಗಾಜಿನ ತುಂಬ ಕೆಂಧೂಳು. ಈ ಕಾಲೇಜು ಕಲ್ಯಾಣ ಮಂಟಪವೊಂದರ ಮಹಡಿಯ ಮೇಲಿತ್ತು. ಸ್ವಂತ ಕಟ್ಟಡ ಇನ್ನೂ ಏಳುತ್ತಿದೆ ಎಂದರು. ಕೆಳಗೆ ಯಾರದೋ ಮದುವೆ. ವಾಲಗ ಕೇಳುತ್ತ ಮೇಲೆ ಹುಡುಗಿಯರು ಅಸ್ಥಿಪಂಜರದ ಮುಂದೆ ಕೂತು ಬರೆದುಕೊಳ್ಳುತ್ತಿದ್ದರು. ಇಳಿದು ಬರುವಾಗ ಮದುವೆಯ ಮನೆಯವರು ನಾವು ಯಾರ ಕಡೆಯವರು ಎಂದೂ ಕೇಳದೆ "ಊಟ ಮಾಡ್ಕಂಡೋಗಿ" ಎಂದು ಕೈ ಹಿಡಿದು ಎಳೆದರು. ಹುಳಿಯ ಘಮಕ್ಕೆ ಪುಟ್ಟಸ್ವಾಮಿ ಅರ್ಧ ಒಳಗೆ ಹೋಗಿಯೇ ಬಿಟ್ಟಿದ್ದ.

"ಲೇ, ಬಾರ್ಲಾ ಈಚೆಗೆ! ಕೆಳಗುಂಡ್ರೂ ಒಂದೇಯ, ಮೇಲುಂಡ್ರೂ ಒಂದೇಯ, ಕಟ್ಟಡ ಒಂದೇ ತಾನೇ?" ಎಂದು ಅಣ್ಣ ಅವನ ಅಂಗಿ ಹಿಡಿದು ಎಳೆದುಕೊಂಡು ಬಂದ.

ಮಾಗಡಿಯ ಹೆಸರು ಬಂದರೆ ನನಗೆ ಬೇರೆಯದೇ ನೆನಪಾಗುತ್ತದೆ. ನನ್ನ ವಿಚಾರದಲ್ಲಿ ಅಪ್ಪ ಎಲ್ಲೂ ನೀರು ಕುಡಿಯಲಿಲ್ಲ. ಒಂದು ಮನೆಯ ಬಾವಿ ಬತ್ತಿತ್ತು. ಇನ್ನೊಂದು ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಮಾಗಡಿಯ ಕಡೆಯ ಮನೆಯಲ್ಲಿ ಎಲ್ಲ ಸರಿಯಿತ್ತಂತೆ, ಆದರೆ ಅಂಗಳದ ನಾಯಿ ಅಪ್ಪನನ್ನು ಕಂಡು ಬಾಲ ಅಲ್ಲಾಡಿಸಿತಂತೆ. "ಕಾವಲು ನಾಯಿ ಒಸಬ್ರಿಗೆ ಬಾಲ ಆಡ್ಸೋ ಮನೆ ಯಾವ್ ಸೀಮೆ ಮನೆ?" ಎಂದು ಅಪ್ಪ ಎದ್ದು ಬಂದರು. ಆ ಹುಡುಗನ ಫೋಟೋ ನಾನು ನೋಡಿದ್ದೆ. ನಗುಮುಖ. ಯಜಮಾನನ ಗುಣವೇ ನಾಯಿಗೂ ಬಂದಿತ್ತೇನೋ ಎಂದು ನನಗೆ ಆಗಲೂ ಅನ್ನಿಸಿತ್ತು. ಆಮೇಲೆ ಅಪ್ಪ ಹೋದರು, ನನಗೆ ಕೆಲಸ ಸಿಕ್ಕಿತು, ಕೇಳಿಕೊಂಡು ಬರುವವರು ಕಡಿಮೆಯಾದರು. ಯಾರ ಮೇಲೂ ಸಿಟ್ಟಿಲ್ಲ. ನಿನಗೆ ಒಪ್ಪಿಗೆಯೇನೆ ಎಂದು ಒಂದು ಸಲ ಕೇಳಬಹುದಿತ್ತು, ಅಷ್ಟೆ.

ರಾಮನಗರಕ್ಕೆ ಮತ್ತೆ ಇಳಿದು ಕನಕಪುರದ ದಾರಿ ಹಿಡಿಯಬೇಕಿತ್ತು. ಹೋಟೆಲೊಂದರ ಮುಂದೆ ಪುಟ್ಟಸ್ವಾಮಿ ತಾನಾಗಿಯೇ ಗಾಡಿ ನಿಧಾನ ಮಾಡಿದ.

"ನಡಿ ನಡಿ," ಅಂದ ಅಣ್ಣ. "ಒಟ್ಟೆ ತುಂಬ್ದೋನ್ಗೆ ಎಲ್ಲಾ ಮನೆನೂ ಚೆಂದಾಗೇ ಕಾಣ್ತದೆ ಕಣ್ಲಾ."

"ಒಟ್ಟೆ ಅಸ್ದೋನ್ಗೆ ಯಾವ್ ಮನೆನೂ ಕಾಣಾಕಿಲ್ಲ ಭಾವ, ಕಣ್ಣು ಮಂಜಾಯ್ತಾವೆ," ಎಂದು ಅವನು ಗೊಣಗಿದ. ದಾರಿಯಲ್ಲಿ ಮಾರುತ್ತಿದ್ದ ಸೌತೆಕಾಯಿ ಕೊಂಡು ಎಲ್ಲರೂ ಕಚ್ಚಿದೆವು. ಸೌತೆಕಾಯಿಗೆ ಯಾವ ಮನೆತನವೂ ಇಲ್ಲವಲ್ಲ, ಹಾಗಾಗಿ ದೋಷವಿರಲಿಲ್ಲ. ಸವಿತ ಹಿಂದಕ್ಕೆ ತಿರುಗಿ ತನ್ನದರಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. "ಅತ್ತೆ, ಯಾವ್ದು ಚೆನ್ನಾಗಿತ್ತು?" ಅಂದಳು. "ಮೊದಲನೆಯದು," ಎಂದೆ, ಬೇಗ ಬೇಗ. ಅವಳು ತಲೆಯಾಡಿಸಿ ಮುಂದಕ್ಕೆ ತಿರುಗಿದಳು. ಉಳಿದ ದಾರಿಯೆಲ್ಲ ನನಗೆ ಅವಳ ಜಡೆ ಮಾತ್ರ ಕಾಣುತ್ತಿತ್ತು.

ಕನಕಪುರದ ಕಡೆಯ ಆ ಮೂರನೆಯ ಕಾಲೇಜಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸುಣ್ಣ ಬಳಿದ ಹಳೆಯ ಕಟ್ಟಡ, ಹೆಂಚಿನ ಒಂದು ಹಾಸ್ಟೆಲು. ನಮ್ಮ ಚನ್ನಪಟ್ಟಣದಿಂದ ದೂರವೇನಲ್ಲ, ಆದರೆ ಬಸ್ಸುಗಳು ವಿರಳ. ಸೇರಿದರೆ ಹಾಸ್ಟೆಲಿನಲ್ಲೇ ಇರಬೇಕು. ಅದು ಕೇಳಿದ ಕೂಡಲೇ ನನಗೆ ನೆಮ್ಮದಿಯಾಯಿತು. ಅಣ್ಣ ಮಗಳನ್ನು ಹಾಸ್ಟೆಲಿಗೆ ಬಿಡುವವನಲ್ಲ.

ಸಂಜೆಯ ಹೊತ್ತು. ಹುಡುಗಿಯರು ಕ್ಲಾಸು ಮುಗಿಸಿ ಬಂದಿದ್ದರು. ಅಬ್ಬಬ್ಬಾ, ಆ ಗಲಾಟೆ! ಒಬ್ಬಳು ಬಕೆಟ್ಟಿಗಾಗಿ ಕೂಗುತ್ತಿದ್ದಳು, ಇನ್ನೊಬ್ಬಳು ತನ್ನ ಸೋಪು ಯಾರು ತೇದರೆಂದು ಜಗಳ ತೆಗೆದಿದ್ದಳು, ಹಗ್ಗದ ಮೇಲಿನ ಒದ್ದೆ ಬಟ್ಟೆಗಳ ಕೆಳಗೆ ಯಾರೋ ಹಾಡುತ್ತಿದ್ದರು. ನನ್ನ ತಲೆ ಧಿಮ್ಮೆಂದಿತು. ವಾರ್ಡನ್ನಮ್ಮನನ್ನು ಅಣ್ಣ "ಯಾವೂರ್ ಕಡೇರು ತಾಯಿ ನೀವು?" ಎಂದು ವಿಚಾರಿಸುತ್ತಿದ್ದಾಗ ಸವಿತ ಪಕ್ಕದಲ್ಲಿರಲಿಲ್ಲ. ಹುಡುಕಿಕೊಂಡು ಹೋದೆ. ಒಂದು ಕೋಣೆಯಲ್ಲಿ ಗುರುತು ಪರಿಚಯ ಇಲ್ಲದ ಮೂವರು ಹುಡುಗಿಯರ ನಡುವೆ ಮಂಚದ ಮೇಲೆ ಕಾಲು ಮಡಿಸಿ ಕೂತು, ಕಾಲೇಜಿನವರು ಸೈಟು ಮಾರಲು ಬಂದ ಕತೆ ಹೇಳುತ್ತಿದ್ದಳು. ಅಪ್ಪನ ದನಿ, ಆಫೀಸಿನವನ ದನಿ ಎರಡನ್ನೂ ಅನುಕರಿಸುತ್ತಿದ್ದಳು. ಹೇಳಿ ಮುಗಿಸಿ ಬಾಯ್ತುಂಬ ನಕ್ಕಳು. ಅಷ್ಟು ವರ್ಷ ನನ್ನ ಮನೆಯಲ್ಲಿದ್ದ ಹುಡುಗಿಗೆ ಇಷ್ಟು ಚೆನ್ನಾಗಿ ಕತೆ ಹೇಳಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಊಟದ ಮನೆಯಲ್ಲಿ ಸಂಜೆಯ ತಿಂಡಿಗೆ ಕೇಸರಿಬಾತು ಮಾಡಿದ್ದರು. ವಾರ್ಡನ್ನಮ್ಮ ನಮಗೂ ತಟ್ಟೆ ತರಿಸಿದರು. ಅಣ್ಣ ಯಥಾಪ್ರಕಾರ ಕೈ ಜೋಡಿಸಿ "ಬ್ಯಾಡಿ ತಾಯಿ, ಇನ್ನೂ ತೀರ್ಮಾನ..." ಎನ್ನುತ್ತಿದ್ದ. ಸವಿತ ತಟ್ಟೆ ಎತ್ತಿಕೊಂಡಳು. ನನ್ನನ್ನೇ ನೋಡುತ್ತ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಇನ್ನೊಂದು.

"ಭಾವ, ಮೊಗಾ ತಿಂದ್ಬುಡ್ತು!" ಎಂದ ಪುಟ್ಟಸ್ವಾಮಿ. ಅತ್ತಿಗೆ ಕೈಯಲ್ಲಿದ್ದ ಎಲೆ ಅಡಿಕೆಯ ತಟ್ಟೆಯನ್ನು ಕೆಳಗಿಟ್ಟಳು.

"ಗೊತ್ತಿಲ್ದೆ ತಿಂತು, ಲೆಕ್ಕಕ್ಕಿಲ್ಲ," ಎಂದ ಅಣ್ಣ. ದನಿ ಮಾತ್ರ ಅಷ್ಟು ಗಟ್ಟಿಯಿರಲಿಲ್ಲ.

"ಗೊತ್ತಿದ್ದೇ ತಿಂದೆ ಅಪ್ಪ," ಅಂದಳು ಸವಿತ.

ಅಣ್ಣ ಮಗಳ ಕೈಯಲ್ಲಿದ್ದ ತಟ್ಟೆ ನೋಡಿದ. ಬೈಯುತ್ತಾನೆಂದು ನಾನು ಕಾದೆ, ಬೈಯಲಿಲ್ಲ. ನನ್ನ ಕಡೆ ತಿರುಗಿದ. "ಸಾಕ್ದೋಳು ನೀನು. ನೀನ್ ತಿಂದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಏನಂತೀಯ?" ಅಂದ.

ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಬೇಡ ಎಂದಿದ್ದರೆ ಮುಗಿಯುತ್ತಿತ್ತು. ನಾನು ಸವಿತಳನ್ನು ಹೊರಗೆ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ.

"ರೈಲು ಕಾಲೇಜು ಯಾಕೆ ಬೇಡ? ದಿನಾ ಮನೆಗೆ ಬರಬಹುದಿತ್ತಲ್ಲೇ."

ಅವಳು ದುಪಟ್ಟದ ಅಂಚು ಸುತ್ತಿದಳು, ಬಿಚ್ಚಿದಳು. "ಬೇಜಾರ್ ಮಾಡ್ಕೋಬೇಡ ಅತ್ತೆ. ಸಂಜೆ ಲೇತು ನಿಂತ್ಮೇಲೆ ನಮ್ಮನೇಲಿ ಏನೂ ಕೇಳ್ಸಲ್ಲ. ನಂಗೆ ಅಲ್ಲಿ ಒಬ್ಳೇ ಅನ್ಸುತ್ತೆ."

"ನಾನು ಇರ್ತೀನಲ್ಲೇ?"

"ನೀನೂ ಒಬ್ಳೇ ಇರ್ತೀಯ ಅತ್ತೆ. ಇಬ್ರೂ ಒಬ್ಬೊಬ್ರೇ ಇರ್ತೀವಿ."

ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ನನ್ನ ಪಾಲಿಗೆ ಸುಖವಾಗಿದ್ದದ್ದು, ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಅಷ್ಟು ಸಂಜೆಗಳೂ, ಒಂದು ಮಗುವಿಗೆ ಒಂಟಿತನವಾಗಿತ್ತು. ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನೋವಾದೀತೆಂದು ಮೆಲ್ಲಗೆ, ಕೈ ಹಿಡಿದುಕೊಂಡು ಹೇಳಿದಳು.

ಒಳಗೆ ಬಂದು ತಟ್ಟೆ ತೆಗೆದುಕೊಂಡು ತಿಂದೆ. ಸಕ್ಕರೆ ವಿಪರೀತವಾಗಿತ್ತು. ಆದರೂ ತಟ್ಟೆ ಖಾಲಿ ಮಾಡಿದೆ. ಆಮೇಲೆ ಎಲ್ಲರೂ ತಿಂದರು. ಅಣ್ಣ ಎರಡನೆಯ ಸಲ ಹಾಕಿಸಿಕೊಂಡು, "ಒಳ್ಳೆ ಮನೆತನ," ಎಂದು ವಾರ್ಡನ್ನಮ್ಮನಿಗೆ ಎಲೆ ಅಡಿಕೆ ತೆಂಗಿನಕಾಯಿ ಕೊಟ್ಟು ಕೈ ಮುಗಿದ. ಪುಟ್ಟಸ್ವಾಮಿ ಎಷ್ಟು ತಿಂದನೆಂದು ನಾನು ಹೇಳುವುದಿಲ್ಲ, ನೆಂಟಸ್ತಿಕೆಯ ಮರ್ಯಾದೆ.

ಸವಿತ ಸೇರಿದ ಮೇಲೆ ಮೊದಲ ಭಾನುವಾರ ಚಕ್ಕುಲಿ ಮಾಡಿಕೊಂಡು ನೋಡಲು ಹೋದೆ. ಕೋಣೆಯ ಹುಡುಗಿಯರೆಲ್ಲ ಮುತ್ತಿಕೊಂಡರು, ಡಬ್ಬ ಖಾಲಿಯಾಯಿತು. ನಾನು ಏನು ಮಾತಾಡಬೇಕೆಂದು ತಿಳಿಯದೆ ಅವರ ಸಿಲಬಸ್ಸಿನ ಬಗ್ಗೆ ಕೇಳಿದೆ. ಅವರು ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಕೂತು ಉತ್ತರ ಹೇಳಿದರು. ನಾನು ಎದ್ದು ಬಾಗಿಲು ದಾಟಿದ ಮೇಲೆ ಒಳಗೆ ಮತ್ತೆ ಮಾತು ಶುರುವಾಯಿತು. ಸವಿತ ಗೇಟಿನ ತನಕ ಬಂದು, ಬಸ್ಸು ಬರುವ ತನಕ ನನ್ನ ಕೈ ಹಿಡಿದೇ ನಿಂತಿದ್ದಳು.

ಸಾತನೂರಿನ ಮೇಲೆ ಹೋಗುವ ಬಸ್ಸು. ಕಲಿಯುವುದಕ್ಕೆ ವಯಸ್ಸಿಲ್ಲ ಎಂದು ಮಕ್ಕಳಿಗೆ ಹೇಳುವವಳು ನಾನೇ ತಾನೇ, ಪಕ್ಕದಲ್ಲಿ ಕೂತ ಹೆಂಗಸನ್ನು ಮಾತಾಡಿಸೋಣ ಎಂದುಕೊಂಡೆ. ಹೇಗೆ ಶುರು ಮಾಡುವುದೆಂದು ಯೋಚಿಸುತ್ತ ಬಹಳ ದೂರ ಕಳೆಯಿತು. ಕಡೆಗೆ, "ಯಾವೂರು ನಿಮ್ಮದು?" ಅಂದೆ. "ಇದೇಯ," ಎಂದು ಅವಳು ಚೀಲ ಎತ್ತಿಕೊಂಡು ಸಾತನೂರಿನಲ್ಲಿ ಇಳಿದುಹೋದಳು. ಹೇಳಬೇಕೆಂದಿದ್ದ ಮಾತು ನನ್ನಲ್ಲೇ ಉಳಿಯಿತು. ಚನ್ನಪಟ್ಟಣದಲ್ಲಿ ಇಳಿದು, ಓಣಿ ಹಾದು, ಬೀಗ ತೆಗೆದು ದೀಪ ಹಾಕಿದೆ. ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ, "ನಮ್ಮ ಹುಡುಗಿಗೆ ಅಲ್ಲಿ ಒಳ್ಳೆ ಜೊತೆ ಸಿಕ್ಕಿದೆ," ಎಂದೆ. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಸಲ ಹೇಳಿದೆ.